ಕಾಕಾನ ಪ್ರಶ್ನೆಗೆ ಕಾಲಂ ಇಲ್ಲ

ಹೋದ ಶ್ರಾವಣದಲ್ಲಿ ಗದಗ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹೆಸರು ಬೆಳೆ ಕೊಯ್ಲಿಗೆ ಬಂದಿತ್ತು. ಕಟ್ಟೆ ಮೇಲೆ ಕೂತಿದ್ದ ಕಾಕಾನ ಹತ್ತಿರ ಟ್ಯಾಬ್ ಹಿಡಿದ ಹುಡುಗನೊಬ್ಬ ಬಂದ. ಯಾವುದೋ ಅಭಿವೃದ್ಧಿ ಸಂಶೋಧನೆಯ ಸರ್ವೆ. ಸಂಡಾಸ ಇದೆಯಾ, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತದೆ, ಸಾಲ ಯಾರ ಹತ್ತಿರ ಅಂತ ತಾಸುಗಟ್ಟಲೆ ಕೇಳಿದ. ಎಲ್ಲ ಮುಗಿದ ಮೇಲೆ ಕಾಕಾ ಅಂದರು: “ತಮ್ಮಾ, ಹೆಸರಿನ ಕಾಯಿ ಒಣಗೂ ಹೊತ್ತಿಗೇ ಮಳಿ ಹತ್ತಿದ್ರ ಗಿಡದಾಗ ಮೊಳಕಿ ಒಡೀತಾವ. ಅದಕ್ಕೇನರ ದಾರಿ ಹುಡುಕ್ಯಾರೇನು? ಇದನ್ನೂ ಬರಕೋ.”

“ಅದಕ್ಕ ಇದರಾಗ ಕಾಲಂ ಇಲ್ರೀ ಕಾಕಾರ,” ಅಂದ ಹುಡುಗ.

ಆ ಮಾತು ನನಗೆ ಚುಚ್ಚಿತು. ನಾನಿರುವ ಇಂಗ್ಲೆಂಡಿನಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಅಂತ 2004ರಿಂದ ಒಂದು ವ್ಯವಸ್ಥೆ ಇದೆ. ಒಂದು ಕಾಯಿಲೆ ಹಿಡಿದು ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ಡಾಕ್ಟರು ಎಲ್ಲರಿಂದ ಪ್ರಶ್ನೆ ತರಿಸುತ್ತಾರೆ. ಆಗಲೇ ಉತ್ತರ ಸಿಕ್ಕವನ್ನು ತೆಗೆದುಹಾಕುತ್ತಾರೆ. ಕೊನೆಗೆ ಎಲ್ಲರೂ ಕೂಡಿ ಕೂತು ಸಂಶೋಧನೆ ಆಗಬೇಕಾದ ಮೊದಲ 10 ಪ್ರಶ್ನೆ ಆರಿಸುತ್ತಾರೆ. ಕೈಕಾಲು ನಡುಗುವ ಪಾರ್ಕಿನ್ಸನ್ಸ್ ಕಾಯಿಲೆಯ ಪಟ್ಟಿ 2014ರಲ್ಲಿ ಬಂದಾಗ ಎಲ್ಲಕ್ಕಿಂತ ಮೇಲೆ ಇದ್ದದ್ದು ಕೈ ನಡುಕ ಅಲ್ಲ, ತೋಲ ತಪ್ಪಿ ಬೀಳುವುದನ್ನು ತಡೆಯೋದು ಹೇಗೆ ಅನ್ನುವ ಪ್ರಶ್ನೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುವವರಿಗೇ ಗೊತ್ತು ಅದರ ಕಷ್ಟ.

ನಮ್ಮ ಕಡೆ ಪ್ರಶ್ನೆ ಎಲ್ಲೋ ತಯಾರಾಗಿ ಬರುತ್ತದೆ. ಊರಿನವರು ಸುಮ್ನೆ ಉತ್ತರ ಕೊಡಬೇಕು. ವರದಿ ಏನಾಯಿತು ಅಂತ ತಿರುಗಿ ಬಂದು ಹೇಳುವವರಿಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನೆಲ ಇದು. ಕೂಡಿ ಕೂತು ತೀರ್ಮಾನ ಮಾಡೋದನ್ನು ನಮ್ಮ ಜನಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ, ಅಲ್ವಾ?

ಹಾಗಂತ ಇಂಗ್ಲೆಂಡಿನವರನ್ನೂ ಪೂರ್ತಿ ಹೊಗಳಲಾರೆ. ಆ ಪದ್ಧತಿ ಅವರ ರೋಗಿಗಳಿಗೆ. ಬಡ ದೇಶಗಳಿಗೆ ಕೊಡುವ ನೆರವನ್ನು ಬ್ರಿಟನ್ ಸರ್ಕಾರ 2021ರಲ್ಲಿ ರಾಷ್ಟ್ರೀಯ ಆದಾಯದ 0.7%ರಿಂದ 0.5%ಕ್ಕೆ ಇಳಿಸಿದಾಗ ಎಷ್ಟೋ ಸಂಶೋಧನೆಗಳ ದುಡ್ಡೂ ಹೋಯಿತು. ಆ ದೇಶಗಳ ಜನರನ್ನು ಯಾರು ಕೇಳಿದರು?

ಧಾರವಾಡದ ಕೃಷಿ ಮೇಳದಲ್ಲಿ ರೈತರು ರೋಗ ಹತ್ತಿದ ಗಿಡ ಕಿತ್ತು ತಂದು ವಿಜ್ಞಾನಿಗಳ ಮುಂದೆ ಹಿಡಿಯೋದನ್ನೂ ನೋಡಿದ್ದೇನೆ. ವಿಜ್ಞಾನಿಗಳು ತಾಳ್ಮೆಯಿಂದ ಕೇಳುತ್ತಾರೆ, ಅದನ್ನು ಒಪ್ಪಲೇಬೇಕು. ಹಾಗಿದ್ದರೆ ಮೇಳ ಮುಗಿಯೋದರೊಳಗೆ ಅದೇ ರೈತರನ್ನು ಕೂಡಿಸಿ 10 ಪ್ರಶ್ನೆ ಆರಿಸಿ ಬೋರ್ಡಿಗೆ ಬರೆಯಲಿ. ಯಾವುದರ ಕೆಲಸ ಎಲ್ಲಿಗೆ ಬಂತು ಅಂತ ಮುಂದಿನ ಮೇಳದಲ್ಲಿ ಅವರಿಗೇ ಹೇಳಲಿ.