ಗೇರ್‌ಬಾಕ್ಸ್ ಒಂದನ್ನೇ ಬದಲಿಸಿದರೆ ಕಾರು ಆಟೋಮ್ಯಾಟಿಕ್ ಆಗುವುದಿಲ್ಲ

'ಹಳೆಯ ಮ್ಯಾನುಯಲ್ ಕಾರಿಗೆ ಅದೇ ಮಾಡೆಲ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದರೆ ಸಾಕು' ಎಂದು ಮ್ಯಾನುಯಲ್ ಕಾರನ್ನು ಆಟೋಮ್ಯಾಟಿಕ್ ಮಾಡಿಸುವ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಸಲೀಸಾಗಿ ಬರೆದಿದ್ದಾರೆ. ಸಾಕಾಗುವುದಿಲ್ಲ ಸ್ವಾಮಿ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ನಿನ ಬಲ ದಾಟಿಸುವ ಭಾಗ) ಇರುವ ಗೇರ್ ಪೆಟ್ಟಿಗೆಯಾದರೆ ಎಂಜಿನ್ನಿಗೆ ಕೂರಿಸಿದ ಭಾರದ ಚಕ್ರವಾದ ಫ್ಲೈವೀಲ್ ತೆಗೆದು ತೆಳು ತಟ್ಟೆಯಂಥ ಫ್ಲೆಕ್ಸ್‌ಪ್ಲೇಟ್ ಹಾಕಬೇಕು, ಆಯಿಲ್ ತಣಿಸಲು ಕೂಲರ್ ಮತ್ತು ಅದರ ಪೈಪುಗಳು ಬೇಕು. ಮೌಂಟಿಂಗ್, ಆಕ್ಸಲ್, ಪೆಡಲ್, ಗೇರ್ ಲಿವರ್ ಕೂಡ ಹೊಂದಬೇಕು. ಇಷ್ಟು ಕೆಲಸವನ್ನು ಒಳ್ಳೆಯ ಮೆಕ್ಯಾನಿಕ್ ಹೇಗೋ ಮಾಡಿಯಾನು. ನಿಜವಾದ ತಲೆನೋವು ವೈರಿಂಗ್‌ನದು. ಈಗಿನ ಕಾರುಗಳಲ್ಲಿ ಎಂಜಿನ್‌ನ ಕಂಪ್ಯೂಟರ್ ಮತ್ತು ಗೇರ್‌ಬಾಕ್ಸ್‌ನ ಕಂಪ್ಯೂಟರ್ ಸತತವಾಗಿ ಸಂಕೇತ ವಿನಿಮಯ ಮಾಡಿಕೊಳ್ಳುತ್ತವೆ. ಅವು ಹೊಂದದಿದ್ದರೆ ಗೇರ್ ಸರಿಯಾಗಿ ಬದಲಾಗದು, ಕೆಲವೊಮ್ಮೆ ಕಾರು ಸ್ಟಾರ್ಟ್ ಕೂಡ ಆಗದು.

ಇನ್ನು ಲೇಖಕರು ಎಎಂಟಿಯನ್ನೂ (ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್ಮಿಷನ್) ಟಾರ್ಕ್ ಕನ್ವರ್ಟರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಇನ್ನೊಂದು ಎಡವಟ್ಟು. ಎಎಂಟಿಯೊಳಗೆ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸವನ್ನು ಕೈಕಾಲಿನ ಬದಲು ಯಂತ್ರ ಮಾಡುತ್ತದೆ, ಅಷ್ಟೇ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಟ್ಟಣೆಗೆ ಅದು ವರವೇ. ಆದರೆ ಆಗುಂಬೆ ಘಾಟಿಯ ತಿರುವಿನಲ್ಲಿ, ಬೇರೊಂದು ವಾಹನದ ಹಿಂದೆ ನಿಂತು ಹೊರಡುವಾಗ, ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ತುಸು ಹೊತ್ತು ಬ್ರೇಕ್ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಬೇರೆ ದಾರಿಯಿಲ್ಲ.

ಕಾನೂನಿನ ಮಾತಂತೂ ಲೇಖನದಲ್ಲಿ ಇಲ್ಲವೇ ಇಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಟನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒದಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ. ಮಂಡಿನೋವಿಗಾಗಿ ಆಟೋಮ್ಯಾಟಿಕ್ ಬೇಕೆನ್ನುವವರು ಇರುವ ಕಾರನ್ನು ಮಾರಿ, ಕಂಪನಿಯಿಂದಲೇ ಆಟೋಮ್ಯಾಟಿಕ್ ಆಗಿ ಬಂದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದು ಲೇಸು.