ಇಸಿಜಿ ತೆಗೆಯುವ ಕೈ ಯಾರದು?
ವೈದ್ಯಕೀಯ ತಂತ್ರಜ್ಞಾನದ ಫಲ ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಿಗಷ್ಟೇ ದಕ್ಕುತ್ತಿದೆ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ರಾಜ್ಯ ಸರ್ಕಾರ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು, ಅಂದರೆ ಹೃದಯ ಬಡಿತದ ವಿದ್ಯುತ್ ನಕ್ಷೆಯನ್ನು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಂತಹ ಕೇಂದ್ರದ ತಜ್ಞರು ಕೆಲವೇ ನಿಮಿಷಗಳಲ್ಲಿ ಪರಿಶೀಲಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ, ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೀಳುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ರಕ್ತನಾಳ ಕಟ್ಟಿಕೊಂಡ ಹೊತ್ತಿನಿಂದ ಹೃದಯದ ಸ್ನಾಯು ಸಾಯತೊಡಗುವುದರಿಂದ, ರಕ್ತದ ಹೆಪ್ಪನ್ನು ಕರಗಿಸುವ ಈ ಮದ್ದು ಮೊದಲ ಎರಡು ಮೂರು ಗಂಟೆಗಳಲ್ಲಿ ಮಾಡುವಷ್ಟು ಉಪಕಾರವನ್ನು ತಡವಾದ ಮೇಲೆ ಮಾಡದು. ನಮ್ಮಲ್ಲಿಯಂತೂ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗುವವರಿಗೇನೂ ಕಡಿಮೆಯಿಲ್ಲ.

ಆದರೆ ಲೇಖಕರ ಅಸಮಾಧಾನದಲ್ಲಿ ಒಂದು ಅಂಶ ನಿಜ. ಚುಚ್ಚುಮದ್ದು ಕೊಟ್ಟಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಸಾಮಾನ್ಯವಾಗಿ 24 ಗಂಟೆಗಳೊಳಗೆ ಹೃದಯದ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ನೋಡುವ ಆಂಜಿಯೋಗ್ರಾಂ ಮಾಡಿಸಬೇಕು, ಅದಕ್ಕೆ ಬೇಕಾದ ವಿಶೇಷ ಕೊಠಡಿ, ಕ್ಯಾಥ್‌ಲ್ಯಾಬ್, ತಾಲ್ಲೂಕು ಕೇಂದ್ರದಲ್ಲಿ ಇರುವುದಿಲ್ಲ. ಹಾಗಿದ್ದೂ ರೋಗಿಯನ್ನು ಸುರಕ್ಷಿತವಾಗಿ ಸಾಗಿಸುವ ಆಂಬುಲೆನ್ಸ್, ನಡುರಾತ್ರಿಯಲ್ಲೂ ಇಸಿಜಿ ಸರಿಯಾಗಿ ತೆಗೆದು ಕಳುಹಿಸಬಲ್ಲ ಶುಶ್ರೂಷಕಿ, ಮದ್ದಿನಿಂದ ರಕ್ತಸ್ರಾವವಾದರೆ ನಿಭಾಯಿಸುವ ವೈದ್ಯರು, ಇವರನ್ನೆಲ್ಲ ಒದಗಿಸುವ ಪ್ರಶ್ನೆಯನ್ನು ಲೇಖನ ಮುಟ್ಟಿಯೇ ಇಲ್ಲ.