ದೋಷವನ್ನು ಅದು ಕಾಣುವ ಹವೆಯಲ್ಲೇ ಹುಡುಕಬೇಕು

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ಗೆ ಬಂದ ಮೂರನೆಯ ಚಳಿಗಾಲ. ಜನವರಿಯ ಒಂದು ಬೆಳಿಗ್ಗೆ, ಮೈನಸ್ 22 ಡಿಗ್ರಿ ಚಳಿಯಲ್ಲಿ, ಹೆದ್ದಾರಿಯ ಮೇಲೆ ವೇಗ ಗಂಟೆಗೆ 90 ಕಿಲೋಮೀಟರ್ ದಾಟುತ್ತಿದ್ದಂತೆ ನನ್ನ ಕಾರಿನ ಸ್ಟೀರಿಂಗ್ ಹಿಡಿತಕ್ಕೆ ಸಿಗದಷ್ಟು ನಡುಗತೊಡಗಿತು. ನೇರವಾಗಿ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿ ಕಾರನ್ನು ಬೆಚ್ಚಗಿನ ಕೊಠಡಿಯಲ್ಲಿ ಎರಡು ಗಂಟೆ ನಿಲ್ಲಿಸಿ, ಆಮೇಲೆ ಲಿಫ್ಟಿಗೆ ಏರಿಸಿ, ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸಿ ನೋಡಿ, ಯಾವ ದೋಷವೂ ಇಲ್ಲವೆಂದು ಬರೆದುಕೊಟ್ಟು ಶುಲ್ಕ ಪಡೆದರು. ಮನೆಗೆ ಮರಳುವಾಗ ನಡುಕ ಇರಲಿಲ್ಲ. ಮತ್ತೆ ಹಿಮ ಬಿದ್ದ ಮರುದಿನ ಅದು ಹಾಗೆಯೇ ಬಂತು. ಈ ಸಲ ರಸ್ತೆ ಬದಿಯಲ್ಲಿ ನಿಲ್ಲಿಸಿ ಬಗ್ಗಿ ನೋಡಿದೆ. ಚಕ್ರದ ರಿಮ್ಮಿನ ಒಳಬದಿಯಲ್ಲಿ ಹಿಮ ತುಂಬಿ, ಒಂದೇ ಕಡೆ ಕಲ್ಲಿನಂತೆ ಗಟ್ಟಿಯಾಗಿ ಚಕ್ರದ ಬ್ಯಾಲೆನ್ಸ್ ಕೆಟ್ಟಿತ್ತು. ಗ್ಯಾರೇಜಿನ ಬಿಸಿಗೆ ಅದು ಕರಗಿ ಹರಿದುಹೋದ ಮೇಲೆ ಅವರು ಪರೀಕ್ಷೆಯನ್ನು ಆರಂಭಿಸಿದ್ದರು.

ಆ ದಿನ ನನಗೆ ನೆನಪಾದದ್ದು ತೀರ್ಥಹಳ್ಳಿಯ ಒಂದು ತಗಡಿನ ಮಾಡಿನ ಗ್ಯಾರೇಜು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಒಂದು ಮಳೆಗಾಲದಲ್ಲಿ ಅಪ್ಪನ ಜೀಪು ಬೆಳಗಿನ ಹೊತ್ತು ಮಾತ್ರ ಹಿಂದಿನಿಂದ ಯಾರೋ ಹಿಡಿದು ಎಳೆದಂತೆ ಏಗುತ್ತಿತ್ತು. ಪೇಟೆ ಮುಟ್ಟುವಷ್ಟರಲ್ಲಿ ಸರಿಯಾಗಿಬಿಡುತ್ತಿತ್ತು. ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದೆಲ್ಲ ಹೊತ್ತಿನ ಬಗ್ಗೆ, ಮಳೆಯ ಬಗ್ಗೆ, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎನ್ನುವುದರ ಬಗ್ಗೆ. ಕೊನೆಗೆ, "ಗೌಡ್ರೆ, ಗಾಡಿ ಇವತ್ತು ರಾತ್ರಿ ಇಲ್ಲೇ ಮಳೇಲಿ ನಿಂತಿರ್ಲಿ. ಮನೇಲಿ ಹೆಂಗೆ ನಿಲ್ಲಿಸ್ತೀರೋ ಹಂಗೇ ನಿಲ್ಲಿಸಿ ಹೋಗಿ, ಬೆಳಿಗ್ಗೆ ನೀವು ಬರೋ ತನಕ ಯಾರೂ ಮುಟ್ಟೋದು ಬೇಡ" ಎಂದರು. ಬೆಳಿಗ್ಗೆ ನಮ್ಮೆದುರಿಗೇ ಜೀಪನ್ನು ನಾಲ್ಕು ಮಾರು ತಳ್ಳಿಸಿ ನೋಡಿದಾಗ ಬಲಗಡೆಯ ಹಿಂಚಕ್ರ ಉರುಳದೆ ನೆಲವನ್ನು ಕೆರೆಯುತ್ತಿತ್ತು. ಒದ್ದೆ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ರಾತ್ರಿಯಿಡೀ ನಿಲ್ಲಿಸಿದ್ದರಿಂದ ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ತುಕ್ಕಿನಲ್ಲಿ ಡ್ರಮ್ಮಿಗೆ ಅಂಟಿಕೊಂಡಿತ್ತು. ಅದನ್ನು ಹಿಂದಕ್ಕೆ ಸೆಳೆಯಬೇಕಾದ ಸ್ಪ್ರಿಂಗ್ ಸೋತಿತ್ತು. ಮಧ್ಯಾಹ್ನ ಬಿಚ್ಚಿದ್ದರೆ ಸ್ಪ್ರಿಂಗಿನ ಸೋಲು ಬಹುಶಃ ಕಾಣುತ್ತಿತ್ತು, ಆದರೆ ಶೂ ಅಂಟುವುದು ಕಾಣುತ್ತಿರಲಿಲ್ಲ. ಅಂದಿನಿಂದ ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಜೀಪು ನಿಲ್ಲುವುದು ಗೇರಿನಲ್ಲಿ, ಚಕ್ರಕ್ಕೊಂದು ಕಲ್ಲು ಕೊಟ್ಟು. ಇಲ್ಲಿ ಕ್ವಿಬೆಕ್‌ನಲ್ಲಿಯೂ ಅನುಭವಸ್ಥರು ಹೇಳುವುದು ಇದನ್ನೇ: ಒದ್ದೆ ರಸ್ತೆಯಲ್ಲಿ ಓಡಿಸಿ ಬಂದು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಿದ್ದರೆ, ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಅಲ್ಲಿ ತುಕ್ಕು ಮಾಡುವ ಕೆಲಸವನ್ನು ಇಲ್ಲಿ ಮಂಜುಗಡ್ಡೆ ಮಾಡುತ್ತದೆ.

ಹಿಮದ ನಾಡಿನಲ್ಲಿ ಇಷ್ಟು ವರ್ಷ ಕಾರು ಓಡಿಸಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹವೆಯಿಂದ ಹುಟ್ಟುವ ದೋಷವನ್ನು ಆ ಹವೆಯಲ್ಲೇ, ಅದು ಕಾಣಿಸಿಕೊಳ್ಳುವ ವೇಗದಲ್ಲೇ ನೋಡಬೇಕು, ಅಳತೆ ಮಾಡುವುದು ಅದರ ನಂತರದ ಕೆಲಸ. ಮೊದಲನೆಯದು ಮಲೆನಾಡಿನ ಹಳೆಯ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಗೊತ್ತು, ಎರಡನೆಯದು ಇಲ್ಲಿಯವರಿಗೆ ಗೊತ್ತು.

ಚಕ್ರದ ಗುಂಯ್‌ಗುಡುವ ಸದ್ದನ್ನೇ ತೆಗೆದುಕೊಳ್ಳಿ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಆಳವಾದ ಕಚ್ಚುಗಳಿರುವ ಆ ಟೈರುಗಳು ತಾವೇ ಸದ್ದು ಮಾಡುವುದರಿಂದ ಬೇರಿಂಗ್ ಹೋಗಿದೆಯೇ, ಟೈರಿನ ಸದ್ದೇ ಎಂದು ತಿಳಿಯುವುದು ಕಷ್ಟವಾಗುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಅದು ಟೈರಿನದು. ರಸ್ತೆ ಬದಲಾದರೂ ಸದ್ದು ಬದಲಾಗದೆ, ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ ಭಾರ ಬಲಕ್ಕೆ ಬಿದ್ದಾಗ ಹೆಚ್ಚಾದರೆ ಬಲಗಡೆಯ ಬೇರಿಂಗನ್ನು ಅನುಮಾನಿಸಬೇಕು. ಆಮೇಲೆ ಚಕ್ರವನ್ನು ಜಾಕಿಯ ಮೇಲೆತ್ತಿ, ಒಂದು ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗಿನ ಮೇಲಿಟ್ಟರೆ ಬೇರಿಂಗಿನ ಒರಟುತನ ಬೆರಳಿಗೇ ತಿಳಿಯುತ್ತದೆ. ಇದು ಸ್ಕ್ಯಾನರ್ ಹೇಳುವ ಮಾತಲ್ಲ. ಪೂರ್ತಿ ತಿರುವಿನಲ್ಲಿ ಕಟಕಟ ಎನ್ನುವ ಹೊರಗಿನ ಸಿವಿ ಜಾಯಿಂಟೂ (ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ತಿರುಗುವ ಕೀಲು) ಹಾಗೆಯೇ. ಚಳಿಗೆ ಅದನ್ನು ಮುಚ್ಚಿರುವ ರಬ್ಬರ್ ಬೂಟು ಬಿರಿದು, ಗ್ರೀಸು ಹೊರಗೆ ಚಿಮ್ಮಿ, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿನ ನೀರು ಒಳಗೆ ಹೋಗಿರುತ್ತದೆ. ನಮ್ಮಲ್ಲಿ ಅದೇ ಬೂಟಿನೊಳಕ್ಕೆ ಕೆಂಪು ಕೆಸರು ಹೋಗುತ್ತದೆ.

ಎಲ್ಲ ಸದ್ದೂ ದೋಷವಲ್ಲ ಎಂಬುದನ್ನೂ ಚಳಿಯೇ ಕಲಿಸಿತು. ಮೈನಸ್ 25ರಲ್ಲಿ ಆಟೋಮ್ಯಾಟಿಕ್ ಗೇರು ಮೊದಲ ಕೆಲವು ಕಿಲೋಮೀಟರ್ ತಡವಾಗಿ ಬದಲಾಗುವುದು, ಎಂಜಿನ್ ಹೆಚ್ಚು ಸುತ್ತುವುದು ಎಣ್ಣೆ ಕಾಯುವವರೆಗಿನ ಸಹಜ ನಡವಳಿಕೆ. ಮ್ಯಾನುವಲ್ ಗೇರು ಕಲ್ಲಿನಂತೆ ಬಿಗಿಯಾಗಿದ್ದರೆ ಗೇರ್ ಬಾಕ್ಸ್ ಬಿಚ್ಚುವ ಮುನ್ನ ಒಳಗಿರುವ ಎಣ್ಣೆ ಯಾವುದೆಂದು ನೋಡಬೇಕು: 80ಡಬ್ಲ್ಯೂ ದರ್ಜೆಯ ಹರಿವಿನ ಮಿತಿಯನ್ನು ಗೊತ್ತುಮಾಡಿರುವುದು ಮೈನಸ್ 26 ಡಿಗ್ರಿಗೆ, 75ಡಬ್ಲ್ಯೂ ದರ್ಜೆಯದು ಮೈನಸ್ 40 ಡಿಗ್ರಿಗೆ.

ಇನ್ನು ನಮ್ಮೂರಿನವರು ಹಿಂದೆ ಬಿದ್ದಿರುವ ವಿಷಯಕ್ಕೆ ಬರುತ್ತೇನೆ. ಅದು ಬ್ರೇಕ್ ಆಯಿಲ್. ಮಲೆನಾಡಿನಲ್ಲಿ ನಾನು ಕಂಡಂತೆ ಅದನ್ನು ಕಡಿಮೆಯಾದಾಗ ಮೇಲಿಂದ ಸುರಿಯುತ್ತಾರೆ, ಸೋರಿದಾಗ ಮಾತ್ರ ಬದಲಿಸುತ್ತಾರೆ. ಆದರೆ ಈ ಎಣ್ಣೆ ಗಾಳಿಯ ತೇವವನ್ನು ಸದಾ ಹೀರುತ್ತಿರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ವರ್ಷದಲ್ಲಿ ತಿಂಗಳುಗಟ್ಟಲೆ ಮಳೆ ಹಿಡಿಯುವ ನಾಡಿನಲ್ಲಿ ಈ ಎಣ್ಣೆಯನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟು, ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳನ್ನು ಬ್ರೇಕಿನ ಮೇಲೆಯೇ ಇಳಿದರೆ, ಕಾದ ಬ್ರೇಕಿನೊಳಗೆ ಎಣ್ಣೆ ಕುದಿದು ಆವಿಯಾಗಿ ಪೆಡಲ್ ನೆಲ ಮುಟ್ಟುತ್ತದೆ. ಘಾಟಿಯ ಕೆಳಗೆ ಅರ್ಧ ಗಂಟೆ ನಿಂತರೆ ಪೆಡಲ್ ಮತ್ತೆ ಗಟ್ಟಿ. ಗ್ಯಾರೇಜಿಗೆ ಬಂದಾಗ ಎಲ್ಲವೂ ಸರಿ. ನನ್ನ ಕಾರಿನ ಚಕ್ರದೊಳಗಿನ ಹಿಮದಂತೆ ಇದೂ ಕಾಣೆಯಾಗುವ ದೋಷವೇ; ವ್ಯತ್ಯಾಸವೆಂದರೆ ಇದು ಪ್ರಾಣ ತೆಗೆಯುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರು ಹಾಕಿ ಇಳಿಯುವ ನಮ್ಮ ಹಿರಿಯರ ಶಿಸ್ತು ಎಣ್ಣೆಯನ್ನು ಕುದಿಯದಂತೆ ಕಾಪಾಡುತ್ತಿತ್ತು. ಈಗ ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರನ್ನು ಡಿ (ಡ್ರೈವ್) ಮೇಲೆಯೇ ಇಟ್ಟು ಇಳಿಯುವವರು ಹೆಚ್ಚುತ್ತಿರುವಾಗ ಆ ಕಾಪು ತಪ್ಪಿದೆ. ಇಲ್ಲಿ ಟೈರು ಬದಲಿಸಲು ಹೋದಾಗಲೆಲ್ಲ ಎಣ್ಣೆಯ ನೀರಿನಂಶ, ಪ್ಯಾಡಿನ ದಪ್ಪ, ಡಿಸ್ಕಿನ ದಪ್ಪ ಮೂರನ್ನೂ ಅಳೆದು ಬರೆದುಕೊಡುವ ಗ್ಯಾರೇಜುಗಳಿವೆ. ಒಳಗಿನ ಪ್ಯಾಡು ಹೊರಗಿನದಕ್ಕಿಂತ ಬಹಳ ಸವೆದಿದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ಉಪ್ಪಿಗೆ ತುಕ್ಕು ಹಿಡಿದು ಜಾರುತ್ತಿಲ್ಲವೆಂದು ಆ ಅಂಕಿಯೇ ತೋರಿಸಿಕೊಡುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಗ್ಯಾರೇಜುಗಳು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಇಷ್ಟನ್ನು ಅಳೆದು ಬರೆದುಕೊಡುವ ರೂಢಿ ಮಾಡಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕಳೆದ ಬಾರಿ ಊರಿಗೆ ಬಂದಾಗ ಇನ್ನೊಂದನ್ನು ಕಂಡು ನೋವಾಯಿತು. ಯುವ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಕಲಿತಿದ್ದಾರೆ, ಅದು ಬೇಕಾದದ್ದೇ. ಆದರೆ ಗಾಡಿಯವನನ್ನು ಪ್ರಶ್ನೆ ಕೇಳುವುದನ್ನು, ಪಕ್ಕದಲ್ಲಿ ಕೂತು ಟ್ರಯಲ್ ಹೋಗುವುದನ್ನು ಬಿಡುತ್ತಿದ್ದಾರೆ. ಯಂತ್ರದಲ್ಲಿ ಕೋಡ್ ಬರದಿದ್ದರೆ ದೋಷವೇ ಇಲ್ಲ ಎನ್ನುವ ಮಾತನ್ನು ನಾನು ಶಿವಮೊಗ್ಗದಲ್ಲಿಯೂ ಕೇಳಿದೆ.

ಎರಡು ಚಳಿಗಾಲದ ಹಿಂದೆ ನನ್ನ ಕಾರು, ಒಣ ರಸ್ತೆಯಲ್ಲಿ ನಿಧಾನವಾಗಿ ನಿಲ್ಲುವ ಹೊತ್ತಿನಲ್ಲಿ, ಕೊನೆಯ ಕೆಲವು ಅಡಿಗಳಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡಿದಂತೆ ಪೆಡಲನ್ನು ಕುಟ್ಟುತ್ತಿತ್ತು. ದೀಪ ಹತ್ತಿರಲಿಲ್ಲ, ಕೋಡ್ ಇರಲಿಲ್ಲ. ಎರಡು ಕಡೆ "ಸರಿಯಿದೆ" ಎಂದರು. ಮೂರನೆಯ ಕಡೆ ವಯಸ್ಸಾದ ಒಬ್ಬ ಮೆಕ್ಯಾನಿಕ್ ನನ್ನನ್ನೇ ಓಡಿಸಲು ಹೇಳಿ, ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ನಾಲ್ಕು ಚಕ್ರಗಳ ವೇಗವನ್ನೂ ಪರದೆಯ ಮೇಲೆ ತೆರೆದು, ನಿಲ್ಲಿಸಿ, ಹೊರಡಿ, ಮತ್ತೆ ನಿಲ್ಲಿಸಿ ಎಂದು ಏಳೆಂಟು ಸಲ ಮಾಡಿಸಿದರು. ಗಂಟೆಗೆ 8 ಕಿಲೋಮೀಟರಿಗೆ ಇಳಿದಾಗ ಮೂರು ಚಕ್ರಗಳು 8 ತೋರಿಸುತ್ತಿದ್ದರೆ ಮುಂದಿನ ಎಡಚಕ್ರ ಒಮ್ಮೆಲೇ ಸೊನ್ನೆಗೆ ಬೀಳುತ್ತಿತ್ತು. ಉಪ್ಪಿನಿಂದ ಚಕ್ರದ ಹಬ್‌ನ (ನಡುಭಾಗದ) ಮೇಲೆ ಬೆಳೆದ ತುಕ್ಕು, ವೇಗ ಅಳೆಯುವ ಸೆನ್ಸರನ್ನು ಚಕ್ರದೊಂದಿಗೆ ತಿರುಗುವ ಹಲ್ಲಿನ ಉಂಗುರದಿಂದ ಕೂದಲೆಳೆಯಷ್ಟು ಮೇಲಕ್ಕೆ ಎತ್ತಿತ್ತು. ವೇಗ ತಗ್ಗಿದಾಗ ಸಂಕೇತ ಕ್ಷೀಣಿಸಿ, ಚಕ್ರ ಲಾಕ್ ಆಗಿದೆಯೆಂದು ಕಂಪ್ಯೂಟರ್ ತಪ್ಪು ತಿಳಿದು ಬ್ರೇಕ್ ಸಡಿಲಿಸುತ್ತಿತ್ತು. ಸೆನ್ಸರ್ ಕಳಚಿ, ಅದು ಕೂರುವ ಜಾಗದ ತುಕ್ಕನ್ನು ಉಜ್ಜಿ ತೆಗೆದು, ಅದೇ ಸೆನ್ಸರನ್ನು ಮತ್ತೆ ಕೂರಿಸಿದರು. ಹೊಸದಾಗಿ ಒಂದು ಬಿಡಿಭಾಗವನ್ನೂ ಹಾಕಲಿಲ್ಲ.